ಸ್ಪೀಕರ್ ಪೆಟ್ಟಿಗೆಯ ಮೇಲೊಂದು ಅಂಗೈ

ಯಾವ ಯಂತ್ರ ಮೂಕವಾದರೂ ನಾನು ಮೊದಲು ಅನುಮಾನಪಡುವುದು ಅದರ ತಂತಿಯನ್ನು. ಇದು ಹುಟ್ಟುಗುಣ. ನೇಕಾರರ ಮನೆಯಲ್ಲಿ ಬೆಳೆದವನಿಗೆ ಲೋಕದ ಕಷ್ಟಗಳೆಲ್ಲ ಎಲ್ಲೋ ಒಂದು ಎಳೆ ಹರಿದದ್ದರಿಂದಲೇ ಬಂದವೆಂದು ತೋರುತ್ತದೆ. ತುದಿಗಳನ್ನು ಹುಡುಕಿ ಗಂಟು ಹಾಕಿದರೆ ಸಂಸಾರ ಮತ್ತೆ ಓಡಬೇಕು. ಈ ನಂಬಿಕೆಯಿಂದ ನಾನು ಹಾಳು ಮಾಡಿದ ಮೊದಲ ವಸ್ತು ಒಂದು ಸ್ಪೀಕರ್ ಕೇಬಲ್.

ಎಂಬತ್ತರ ದಶಕದ ಮಾತು. ತಮಿಳು ಸೀಮೆಯ ಕರುಮತ್ತಂಪಟ್ಟಿಯ ನಮ್ಮ ಮನೆಯ ಮುಂದಿನ ಅರ್ಧ ನಮ್ಮದು, ಹಿಂದಿನ ಅರ್ಧ ಆರು ಪವರ್‌ಲೂಮುಗಳದ್ದು. ಅವು ಓಡುವಾಗ ನನ್ನ ಗಿಟಾರ್ ನನಗೇ ಕೇಳಿಸುತ್ತಿರಲಿಲ್ಲ. ಕರೆಂಟು ಹೋದರೆ ಮಗ್ಗ ನಿಲ್ಲುತ್ತಿತ್ತು ನಿಜ, ಆದರೆ ಜೊತೆಗೆ ನನ್ನ ಆಂಪ್ಲಿಫೈಯರೂ ಸುಮ್ಮನಾಗುತ್ತಿತ್ತು. ಉಳಿದದ್ದು ಅಮಾವಾಸ್ಯೆ. ಅಂದು ನಮ್ಮ ಮನೆಯಲ್ಲಿ ಮಗ್ಗ ಓಡಿಸುವುದಿಲ್ಲ. ತಿಂಗಳಿಗೊಮ್ಮೆ ಬರುವ ಆ ದಿನಕ್ಕೆ ನಾನು ಕಾದಷ್ಟು ಯಾವ ಜೋಯಿಸರೂ ಕಾದಿರಲಾರರು.

ಪಟ್ಟಣದ ಆರ್.ಎಸ್. ಪುರಂನ ಒಂದು ವಾದ್ಯಗೋಷ್ಠಿ ತಂಡ ನನ್ನನ್ನು ಕರೆದಿತ್ತು. ಅಪ್ಪ ಒಪ್ಪಿರಲಿಲ್ಲ. ಗೋಗರೆದ ಮೇಲೆ, "ಅಮಾಸೆ ದಿನ ನುಡ್ಸು, ಕೇಳ್ತೀನಿ. ನಲ್ಲಾ ಇದ್ರೆ ಹೋಗು. ಇಲ್ದಿದ್ರೆ ತರಿ ನೋಡ್ಕೋ," ಎಂದರು. ನಲ್ಲಾ ಎಂದರೆ ಚೆನ್ನಾಗಿ, ತರಿ ಎಂದರೆ ಮಗ್ಗ. ನಮ್ಮ ಮನೆಗನ್ನಡಕ್ಕೆ ತಮಿಳಿನ ಒಗ್ಗರಣೆ ತುಸು ಹೆಚ್ಚು. ಮಗ್ಗಗಳ ನಡುವೆ ನಿಂತೂ ನಿಂತೂ ಅಪ್ಪನ ಕಿವಿ ಮುಕ್ಕಾಲು ಹೋಗಿತ್ತು. ಅವರಿಗೂ ಕೇಳಲೆಂದು ಎಲ್ಲಿಂದಲೋ ಒಂದು ಹಳೆಯ, ಭಾರೀ ಸ್ಪೀಕರ್ ಪೆಟ್ಟಿಗೆ ಹೊತ್ತು ತಂದೆ.

ಅಮಾವಾಸ್ಯೆಯ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಬಿಳಿ ವೇಷ್ಟಿ ಉಟ್ಟು ಎದುರು ಕುಳಿತರು. ಗಿಟಾರ್ ಮೀಟಿದೆ. ಪೆಟ್ಟಿಗೆ ಉಸಿರೆತ್ತಲಿಲ್ಲ. ನಾನು ಕತ್ತರಿ ತಂದು ಕೇಬಲ್ಲನ್ನು ನಡುವೆ ಕತ್ತರಿಸಿದೆ. ಒಳಗೆ ತಾಮ್ರ ಆರೋಗ್ಯವಾಗಿ ಹೊಳೆಯುತ್ತಿತ್ತು. ನಾಚಿಕೆಯಾಗಿ, ನೂಲಿಗೆ ಹಾಕುವ ಗಂಟನ್ನೇ ಎರಡೂ ಎಳೆಗೆ ಹಾಕಿ ಟೇಪು ಸುತ್ತಿದೆ. ಗಂಟು ಬಹಳ ಚೆನ್ನಾಗಿ ಬಂತು. ಸದ್ದು ಮಾತ್ರ ಬರಲಿಲ್ಲ.

ಅಪ್ಪ ಎದ್ದು ಬಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಮಗ್ಗದ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. ಯಾವ ಮಗ್ಗಕ್ಕೆ ಏನಾಗಿದೆಯೆಂದು ಅವರು ತಿಳಿಯುತ್ತಿದ್ದದ್ದು ಹೀಗೆಯೇ, ಚೌಕಟ್ಟಿನ ಮೇಲೆ ಕೈಯಿಟ್ಟು.

"ಒಯರ್ ಬುಡು ಡಾ. ಅದು ಪೆಟ್ಟಿ ಒಳ್ಗೆ ಹೋಗೋ ಬಾಯಿ ಅಲ್ಲಾಡ್ಸು."

ಕೇಬಲ್ ಚುಚ್ಚುವ ಜ್ಯಾಕಿನ ಬಳಿ ಮೆಲ್ಲನೆ ಅಲ್ಲಾಡಿಸಿದೆ.

"ಬಂತು... ಹೋಯ್ತು... ಬಂತು. ಬಾಯೇ ಸರಿಯಿಲ್ಲ."

ನನ್ನ ಎರಡು ಒಳ್ಳೆಯ ಕಿವಿಗಳಿಗೆ ಕೇಳದ ಆಂಪ್ಲಿಫೈಯರಿನ ಸಣ್ಣ ಕಂಪನ ಅವರ ಅಂಗೈಗೆ ಕೇಳಿಸಿತ್ತು. ಆಂಪ್ಲಿಫೈಯರ್ ಆರಿಸಿ ಜ್ಯಾಕನ್ನು ಬಿಚ್ಚಿದೆವು. ಒಳಗಿನ ಪುಟ್ಟ ಲೋಹದ ಪಟ್ಟಿ ಬಿಗಿ ಕಳೆದುಕೊಂಡು ಕೇಬಲ್ಲಿನ ತುದಿಯನ್ನು ಮುಟ್ಟಿಯೂ ಮುಟ್ಟದಂತೆ ನಿಂತಿತ್ತು. ಅಪ್ಪ ಮಗ್ಗದ ಬಾಚಣಿಗೆಯಂಥ ಹಣಿಗೆಯೊಳಗೆ ನೂಲೆಳೆಯುವ ತಮ್ಮ ಕೊಕ್ಕೆಯಿಂದ ಅದನ್ನು ಕೂದಲೆಳೆಯಷ್ಟು ಬಾಗಿಸಿದರು. ಕೆಲಸ ಇಷ್ಟೇ.

ನುಡಿಸತೊಡಗಿದೆ. ಅಪ್ಪ ಪೆಟ್ಟಿಗೆಯ ಮೇಲಿನ ಕೈ ತೆಗೆಯಲಿಲ್ಲ. ತಿಂಗಳುಗಟ್ಟಲೆ ತಾಲೀಮು ಮಾಡಿದ ನನ್ನ ದೊಡ್ಡ ವರಸೆ ಸಣ್ಣ ತಂತಿಗಳ ಮೇಲಿತ್ತು. ಅಲ್ಲಿಗೆ ಬೆರಳು ಹಾರಿಸಿದ್ದೇ ಅಪ್ಪ, "ಮತ್ತೆ ನಿಂತೋಯ್ತಾ?" ಎಂದರು. ಆಗ ತಿಳಿಯಿತು, ಅವರು ಕೇಳುತ್ತಿದ್ದದ್ದೆಲ್ಲ ಕೈಯಿಂದ. ದಪ್ಪ ತಂತಿಯ ಕಂಪನ ಮಾತ್ರ ಅವರನ್ನು ತಲುಪುತ್ತಿತ್ತು. ವರಸೆಯನ್ನು ಅಲ್ಲೇ ಬಿಟ್ಟು, ಅರ್ಧ ಗಂಟೆ ದಪ್ಪ ತಂತಿಗಳ ಮೇಲೆಯೇ ನುಡಿಸಿದೆ. ಅಪ್ಪ ಕಣ್ಣು ಮುಚ್ಚಿದ್ದರು.

"ಪೆಟ್ಟಿ ನಲ್ಲಾ ಮಾತಾಡ್ತದೆ," ಎಂದರು ಕೊನೆಗೆ. "ಹೋಗ್ ಬಾ." ಹೊಗಳಿಕೆ ಪೆಟ್ಟಿಗೆಗೆ, ಅಪ್ಪಣೆ ನನಗೆ.

ಹೋದೆ. ಮದುಕ್ಕರೈಯ ಮದುವೆಗಳವರೆಗೂ ಹೋಗಿ ಸಣ್ಣ ತಂತಿಗಳ ವರಸೆಗೆ ಚಪ್ಪಾಳೆ ಗಿಟ್ಟಿಸಿದೆ. ಅಪ್ಪ ಈಗಿಲ್ಲ. ಜ್ಯಾಕು ಆಮೇಲೆ ಒಮ್ಮೆಯೂ ಕೈಕೊಟ್ಟಿಲ್ಲ; ಕೊಡಬಾರದೇ ಎಂದು ಎಷ್ಟೋ ಸಲ ಅನ್ನಿಸಿದೆ. ಈಗಲೂ ಅಮಾವಾಸ್ಯೆ ಬಂದರೆ ಆ ಪೆಟ್ಟಿಗೆಯ ಮುಂದೆ ಕೂರುತ್ತೇನೆ. ದಪ್ಪ ತಂತಿಯೊಂದನ್ನು ಮೀಟಿ, ತಟ್ಟನೆ ಮೇಲೆ ಅಂಗೈ ಇಡುತ್ತೇನೆ. ಅಷ್ಟರಲ್ಲಿ ಕಂಪನ ಅರ್ಧ ಆರಿಹೋಗಿರುತ್ತದೆ. ನುಡಿಸುವುದಕ್ಕೇ ಎರಡು ಕೈ ಬೇಕು. ಪೆಟ್ಟಿಗೆಯ ಮೇಲಿಡಲು ಇನ್ನೊಬ್ಬರದೇ ಬೇಕು.