ಪರದೆ ಏಳುವ ಮುನ್ನ ಹೇಳಿದ ಹೆಸರು

ಪದ್ಮಾ, ನಿನ್ನ ಮೊದಲ ಬ್ಯಾಲೆಯನ್ನು ಸಂಯೋಜಿಸಿದ್ದು ನಾನಲ್ಲ, ನೀನು. ಇದು ನಿನಗೆ ಗೊತ್ತು, ನನಗೆ ಗೊತ್ತು — ಹೊರಗಿನವರಿಗೆ ಗೊತ್ತಾಗದಂತೆ ನಾನೇ ನೋಡಿಕೊಂಡೆ.

ಭದ್ರಾವತಿಯ ಕಾರ್ಖಾನೆ ಕಾಲೊನಿಯಲ್ಲಿ ನೃತ್ಯತಂಡ ನಡೆಸುತ್ತಿದ್ದ ನನಗೆ ಹಾರ್ಮೋನಿಯಂ ಬಿಟ್ಟರೆ ಬೇರೇನೂ ಬಾರದು. ನೀನು ಫರ್ನೇಸ್ ಕೆಲಸಗಾರನ ಮಗಳು, ಇನ್ನೂ ಪಿಯುಸಿ ಓದುತ್ತಿದ್ದವಳು. ಕಾದ ಕಬ್ಬಿಣವನ್ನು ಉದ್ದನೆಯ ಇಕ್ಕಳದಲ್ಲಿ ಎಳೆಯುವವರ ಬೆನ್ನು ಬಾಗುವ ರೀತಿ, ಕಾಲು ಜಾರದಂತೆ ಊರುವ ರೀತಿ — ಅದನ್ನೆಲ್ಲ ನೀನೇ ನೃತ್ಯವಾಗಿಸಿ ಇಡೀ ತಂಡಕ್ಕೆ ಕಲಿಸಿದ್ದೆ. ನಮ್ಮ ಕಡೆ ಅಂಥದ್ದನ್ನು ಯಾರೂ ಕಂಡಿರಲಿಲ್ಲ.

ಪರದೆ ಏಳುವ ಮುನ್ನ, ಕಲಾವಿದರು ಕತ್ತಲಲ್ಲಿ ಮೊದಲ ಭಂಗಿ ಹಿಡಿದು ನಿಂತಿರುವಾಗ, ಮೈಕಿನಲ್ಲಿ ಹೆಸರುಗಳನ್ನು ಹೇಳುವುದು ನಮ್ಮ ಪದ್ಧತಿ. ಶಿವಮೊಗ್ಗದ ಆ ಮೊದಲ ಪ್ರಯೋಗದ ದಿನ ನೀನು ಬಂದು, "ಮೇಷ್ಟ್ರೇ, ಅಪ್ಪ ಮುಂದೆನೇ ಕೂತಿದಾರೆ. ನನ್ನ ಹೆಸರು ಸ್ವಲ್ಪ ಜೋರಾಗಿ ಹೇಳಿ" ಎಂದೆ. "ಹೋಗು ಮಾರಾಯ್ತಿ, ಮೈಕ್ ಒಡೆಯೋ ಹಾಗೆ ಕೂಗ್ತೀನಿ" ಎಂದು ನಾನು ನಕ್ಕೆ.

"ನೃತ್ಯ ಸಂಯೋಜನೆ —" ಎಂದವನು ನನ್ನ ಹೆಸರು ಹೇಳಿದೆ.

ನೀನು ತೋಳೆತ್ತಿ, ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದೆ. ಅಲುಗಾಡುವಂತಿರಲಿಲ್ಲ, ಅಲುಗಾಡಲೂ ಇಲ್ಲ. ಆಟ ಮುಗಿದ ಮೇಲೆ ನಿನ್ನ ಅಪ್ಪ ನನ್ನ ಕೈ ಹಿಡಿದು, "ನೀವು ಹೇಳ್ಕೊಟ್ಟಿದ್ದನ್ನ ಚೆನ್ನಾಗಿ ಒಪ್ಪಿಸಿದ್ಲು ಬಿಡಿ" ಎಂದರು. ನೀನು ಪಕ್ಕದಲ್ಲೇ ಇದ್ದೆ. ಸಾಯುವವರೆಗೂ ಅವರು ಹಾಗೆಯೇ ನಂಬಿದ್ದರು. ನೀನು ಊರು ಬಿಟ್ಟೆ, ದೊಡ್ಡ ಹೆಸರು ಮಾಡಿದೆ. ನನ್ನೊಂದಿಗೆ ಮತ್ತೆ ಮಾತನಾಡಲಿಲ್ಲ.

ಚಿಕ್ಕ ಹುಡುಗಿಯ ಹೆಸರು ಹೇಳಿದರೆ ಜನ ಬೆಲೆ ಕೊಡಲಾರರೆಂದು ಹಾಗೆ ಮಾಡಿದೆ — ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ಸುಳ್ಳು. ಆ ಕತ್ತಲಲ್ಲಿ ನನ್ನ ಹೆಸರು ಕೇಳಬೇಕೆನಿಸಿತ್ತು, ಅಷ್ಟೇ. ಅರ್ಧಕ್ಕೇ ಶಾಲೆ ಬಿಟ್ಟು, ಗ್ರಂಥಾಲಯಗಳಲ್ಲಿ ಕುಳಿತು ಓದಿ, ಪಂಡಿತರು ಬರೆದ ಚರಿತ್ರೆಯನ್ನೆಲ್ಲ ಸಂಶಯಿಸಿದವನು ನಾನು. ಪತ್ರಿಕೆಗಳಿಗೆ ಎಷ್ಟೆಷ್ಟು ತಿದ್ದುಪಡಿ ಬರೆದೆ! ನನ್ನನ್ನು ನಿನ್ನ ಗುರುವೆನ್ನುವ ಈ ಒಂದು ಕಥೆಯನ್ನು ಮಾತ್ರ...

ಮೊನ್ನೆ ನಿನ್ನ ಶಿಷ್ಯೆಯೊಬ್ಬಳು ನಿನ್ನ ಆರಂಭದ ದಿನಗಳ ಬಗ್ಗೆ ಕೇಳಲು ವಿದ್ಯಾನಗರದ ನನ್ನ ಕೋಣೆಗೆ ಬಂದಳು. ನನ್ನ ಎದುರಿನ ಕುರ್ಚಿಯಲ್ಲಿ ಯಾರಾದರೂ ಕುಳಿತು ಎಷ್ಟು ಕಾಲವಾಗಿತ್ತೋ! ಅವಳಿಗೆ ಸತ್ಯ ಹೇಳಿಬಿಟ್ಟೆ. ಅವಳು ನಕ್ಕು, "ಎಷ್ಟು ವಿನಯ ಸರ್ ನಿಮ್ದು!" ಎಂದು ಕಾಲಿಗೆರಗಿದಳು. ತಡೆಯಬೇಕಿತ್ತು — ತಡೆಯಲಿಲ್ಲ. ಹಿತವೆನಿಸಿತು.

ಆದ್ದರಿಂದಲೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಇದು ವಿನಯವಲ್ಲ, ಕದ್ದವನ ತಪ್ಪೊಪ್ಪಿಗೆ. ಓದಿದವರು ನಂಬಲಿ, ಪದ್ಮಾ. ನಿನ್ನ ಅಪ್ಪನಿಗೆ ಮಾತ್ರ — ಇನ್ನು ಹೇಳಲಾರೆ.