ಎರಡು ಸಲ ಹಾಡಬಾರದ ಸಾಲು

ಮೊದಲ ಸಾಲು ಮುಗಿಯುವಷ್ಟರಲ್ಲಿ ಮುಂದೆ ಕೂತ ಹಿರಿಯರೊಬ್ಬರು ಕೈ ಎತ್ತಿ ನನ್ನನ್ನು ನಿಲ್ಲಿಸಿಯೇ ಬಿಟ್ಟರು. "ಅದನ್ನ ಇನ್ನೊಮ್ಮಿ ಹಾಡ್ರಿ ಅಕ್ಕಾರ" ಎಂದರು. ನಮ್ಮ ಮೈಸೂರಿನಲ್ಲಿ ನಾನು ಹಾಡುವಾಗ ಕೆಮ್ಮು ಬಂದವರು ಕೂಡ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಸಿಟ್ಟು ಬಂತು, ಹಿಂದೆಯೇ ಅಳುವೂ ಬಂತು.

ಅದು ತೊಂಬತ್ತರ ದಶಕ. ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಮಹಾರಾಷ್ಟ್ರದ ಗಡಿಯೊಳಗಿನ ಜತ್ತ ತಾಲ್ಲೂಕಿನ ಸಂಖಕ್ಕೆ ಬಂದಿದ್ದೆವು. ಕಚೇರಿಯ ಕಾಗದವೆಲ್ಲ ಮರಾಠಿ. ಮನೆಮನೆಯಲ್ಲಿ ಕನ್ನಡವೇ ಆದರೂ ನನಗೆ ಅರ್ಧವೂ ದಕ್ಕುತ್ತಿರಲಿಲ್ಲ. ಮನೆಯೊಡತಿ ಗಂಗವ್ವ ರೊಟ್ಟಿ ಬಡಿಯಲು ಕಲಿಸಿದರು, ನನ್ನ ರೊಟ್ಟಿ ನೋಡಿ ನಕ್ಕರು. ಹಾಡಿಗೆ ಮಾತ್ರ ಜೊತೆ ನುಡಿಸುವವರಿರಲಿಲ್ಲ. ನಾನು ಕಲಿತದ್ದು ಜರ್ಮನ್ನರ ಕಲಾಗೀತೆ: ಒಂದು ಕವಿತೆ, ಒಂದು ಕಂಠ, ಒಂದು ಪಿಯಾನೊ. ಬರೆದಿಟ್ಟ ಸ್ವರಗಳಿಗೆ ಒಂದನ್ನೂ ಸೇರಿಸುವಂತಿಲ್ಲ, ಒಂದು ಸಾಲನ್ನೂ ಮರಳಿ ಹಾಡುವಂತಿಲ್ಲ. ಒಂದು ವರ್ಷ ಹಾಡದೇ ಇದ್ದೆ. ಇನ್ನೂ ಹೀಗೇ ಇದ್ದರೆ ಕಂಠವೇ ಹೋದೀತೆಂದು ಹೆದರಿದ್ದೆ.

ಗಂಗವ್ವ ಬಳೆ ಅಂಗಡಿಯ ದಸ್ತಗೀರಸಾಬರನ್ನು ಕರೆತಂದರು. ಊರಿನ ಭಜನೆಗೂ ಕವ್ವಾಲಿಗೂ ಅವರದೇ ಪೇಟಿ. ಹಾರ್ಮೋನಿಯಂಗೆ ಇಲ್ಲಿ ಹಾಗೆನ್ನುತ್ತಾರೆ. ಪಿಯಾನೊ ತನ್ನ ದಾರಿ ತಾನು ಹಿಡಿಯುತ್ತದೆ. ಸಾಬರ ಪೇಟಿ ನಾನು ಹಾಡಿದ ಸ್ವರವನ್ನೇ ಹಿಡಿದು ನನ್ನ ಬೆನ್ನು ಬಿಡುತ್ತಿರಲಿಲ್ಲ. ಬೇರೆ ಸ್ವರ ನುಡಿಸಿ ಎಂದರೆ, ಹಾಡುವವರನ್ನು ಬಿಟ್ಟು ಹೋಗುವುದು ಮರ್ಯಾದೆಯಲ್ಲ ಎಂದರು. ಆರು ತಿಂಗಳು ಜಗ್ಗಾಡಿ, ಕೊನೆಗೆ ಗಂಗವ್ವನ ಪಡಸಾಲೆಯಲ್ಲಿ ನಾಲ್ಕು ಜನರ ಮುಂದೆ ಹಾಡಲು ಕೂತೆವು. ಆ ಹಿರಿಯರು ಕೈ ಎತ್ತಿದ್ದು ಅಂದೇ.

ನನ್ನ ಮುಖ ನೋಡಿ ಸಾಬರು ಮೆಲ್ಲಗೆ ಹೇಳಿದರು: "ತಪ್ಪಾತಂತ ನಿಲ್ಲಿಸಿಲ್ರಿ ಅಕ್ಕಾರ. ಮನಸಿಗಿ ಹತ್ತೈತಿ, ಅದಕ್ಕ ಕೇಳ್ಯಾರ."

ಒಂದು ಶಬ್ದವೂ ತಿಳಿಯದ ಸಾಲು ಆ ಹಿರಿಯರ ಮನಸ್ಸಿಗೆ ಹೇಗೆ ಹತ್ತಿತೋ! ಮತ್ತೆ ಹಾಡಿದೆ. ಮುಂದಿನ ಸಾಲುಗಳನ್ನೂ ಹಾಗೆಯೇ ಕೇಳಿ ಕೇಳಿ ಹಾಡಿಸಿದರು, ಪ್ರತಿ ಸಲವೂ ಸಾಬರ ಪೇಟಿ ನನಗಾಗಿ ಕಾಯಿತು. ಮೂರು ನಿಮಿಷದ ಹಾಡು ಅಂದು ಕಾಲು ಗಂಟೆಯಾಯಿತು. ನನ್ನ ಕಂಠ ನನಗೆ ಮರಳಿ ಸಿಕ್ಕಿತು.

ಸಾಬರ ಪೇಟಿಯ ಜೊತೆ ಹಾಡುತ್ತ ಹತ್ತು ವರ್ಷ ಕಳೆದಿವೆ. ಹೋದ ತಿಂಗಳು ಮೈಸೂರಿನಲ್ಲಿ ನನ್ನ ಹಳೆಯ ಗುರುಗಳ ಪಿಯಾನೊ ಪಕ್ಕ ನಿಂತು ಅದೇ ಹಾಡು ಎತ್ತಿಕೊಂಡೆ. ಮೊದಲ ಸಾಲು ಮುಗಿಯಿತು. ಯಾರೂ ಕೇಳದಿದ್ದರೂ ಅದನ್ನೇ ಇನ್ನೊಮ್ಮೆ ಹಾಡಿಬಿಟ್ಟೆ. ಪಿಯಾನೊ ಆಗಲೇ ಮುಂದೆ ಹೋಗಿತ್ತು. ಗುರುಗಳು ನುಡಿಸುವುದನ್ನು ನಿಲ್ಲಿಸಿ, ಮರೆತುಹೋಯಿತೇನಮ್ಮ ಎಂದು ಕನಿಕರದಿಂದ ಕೇಳಿದರು. ಹೌದು ಎಂದು ಸುಳ್ಳು ಹೇಳಿದೆ. ಅವರ ಮುಂದೆ ನಾಚಿಕೆಯಾಯಿತು. ಸಾಬರ ಪೇಟಿಯಾಗಿದ್ದರೆ ನನಗಾಗಿ ನಿಲ್ಲುತ್ತಿತ್ತಲ್ಲ ಎಂದು ಅದೇ ಗಳಿಗೆಯಲ್ಲಿ ಸಂಕಟವೂ ಆಯಿತು.