ಇಂಗುಗುಂಡಿಗೆ ಇಳಿದ ಕಳೆ ಔಷಧಿ

ಅಕ್ಕನ ಹಿತ್ತಲಲ್ಲಿ ದಂಟಿನ ಸೊಪ್ಪು ಸತ್ತಿತು.

ಇದೂ ಒಂದು ಸುದ್ದಿಯಾ ಅಂತ ನೀವು ಪುಟ ತಿರುಗಿಸಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಕೆಜಿಎಫ್‌ನಿಂದ ಸ್ಕೂಟರ್ ಹತ್ತಿ, ಬಂಗಾರಪೇಟೆ ದಾಟಿ, ಬೂದಿಕೋಟೆ ಕಡೆಯ ಆ ಹಳ್ಳಿಗೆ ಹೋದಾಗ ಅಕ್ಕ ಕಾಫಿಗೂ ಮೊದಲು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. (ಹಳ್ಳಿಯ ಹೆಸರು ಬರೆಯುತ್ತಿಲ್ಲ. ಅಲ್ಲಿನವರು ನಾಳೆಯೂ ಡೈರಿಗೆ ಹಾಲು ಹಾಕಬೇಕು.)

"ಬೀಜ ಕೆಟ್ಟೋಗೈತೋ ಏನೋ ಕಣ್ಲಾ. ಮೂರು ಕಿತ ಚೆಲ್ದೆ. ಉಟ್ತದೆ, ಎರಡೆಲೆ ಬುಡ್ತದೆ, ಆಮೇಲೆ ಅಂಚೆಲ್ಲ ಅರಿಶಿಣ ಬಳ್ದಂಗಾಗಿ ಒಣಗೋತದೆ," ಅಂದಳು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಬಗ್ಗಿ ನೋಡಿದೆ. ಅಕ್ಕನ ಬೀಜದ ಡಬ್ಬಿ ಕೇಳಿದೆ. ಅದೇ ಬೀಜ ಪಕ್ಕದೂರಿನ ಅವಳ ನಾದಿನಿ ಮನೆಯಲ್ಲಿ ಮೊಣಕಾಲೆತ್ತರ ಬೆಳೆದಿತ್ತು. ಮಣ್ಣು ಹಳೆಯದೇ. ಗೊಬ್ಬರ ಹಳೆಯದೇ. ಹಾಗಾದರೆ ಉಳಿದದ್ದು ಏನು?

ನೀರು.

ಆ ನೀರಿನ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಈ ಅಕ್ಕ, ಅಮರಕ್ಕನ ತೋಟದ ಬೋರ್‌ವೆಲ್ ಬೇಸಿಗೆಯಲ್ಲೂ ನಿಂತದ್ದಿಲ್ಲ. ಅವಳು ಕಾಂಪೌಂಡಿನ ಆಚೆಗೆ, ರಸ್ತೆ ಕಡೆಗೆ, ಒಂದು ನಲ್ಲಿ ಹಾಕಿಸಿದ್ದಳು. ಪಂಚಾಯಿತಿ ನೀರು ಬಾರದ ದಿನ ಹತ್ತು ಹದಿನೈದು ಮನೆಯವರು ಅಲ್ಲಿಂದಲೇ ಹಿಡಿಯುತ್ತಿದ್ದರು. ಯಾರನ್ನೂ ಯಾಕೆ ಬಂದೆ ಅಂತ ಅವಳು ಕೇಳಿದ್ದಿಲ್ಲ. ಅವಳಿಗೆ ಒಡವೆಯ ಹುಚ್ಚಿಲ್ಲ, ಸೀರೆಯ ಹುಚ್ಚಿಲ್ಲ. "ನಮ್ ನಲ್ಲಿ" ಅನ್ನುವಾಗ ಮಾತ್ರ ಅವಳ ದನಿ ಸ್ವಲ್ಪ ಏರುತ್ತಿತ್ತು. ನಾನೂ ಪ್ರತಿ ಸಲ ಎರಡು ಕ್ಯಾನ್ ತುಂಬಿಕೊಂಡು ಬರುತ್ತಿದ್ದೆ. ಕೆಜಿಎಫ್ ಚಿನ್ನದ ಗಣಿಯ ಸೈನೈಡ್ ದಿಬ್ಬದ ಧೂಳು ಕುಡಿದು ಬೆಳೆದ ನಮಗೆ ವಿಷ ಅಂದರೆ ಗಣಿಯದ್ದು, ಹಳ್ಳಿಯ ನೀರು ಅಂದರೆ ಅಮೃತ.

ಒಂದು ಬಾಟಲಿ ತುಂಬಿ ಬಂಗಾರಪೇಟೆಯ ಲ್ಯಾಬಿಗೆ ಕೊಟ್ಟೆ. ರಿಪೋರ್ಟ್ ಬಂತು. ಗಡಸುತನ ಸರಿ, ಫ್ಲೋರೈಡ್ ಸರಿ, ಕುಡಿಯಲು ಯೋಗ್ಯ. ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನನಗೆ ಒಂದು ಅನುಮಾನ ಹುಟ್ಟಿತ್ತು, ಮತ್ತು ಆ ಅನುಮಾನದ ಎರಡೂ ತುದಿಯಲ್ಲಿ ನಾನೇ ನಿಂತಿದ್ದೆ.

ಮೊದಲನೇ ತುದಿ ನಿಮಗೆ ಗೊತ್ತು. ಎರಡು ಮಳೆಗಾಲದ ಹಿಂದೆ ಇದೇ ಅಂಕಣದಲ್ಲಿ ಇಂಗುಗುಂಡಿಯ ಬಗ್ಗೆ ಬರೆದಿದ್ದೆ. ಬೋರ್‌ವೆಲ್ ಸುತ್ತ ಗುಂಡಿ ತೋಡಿ, ಕಲ್ಲು, ಜಲ್ಲಿ, ಮರಳು ತುಂಬಿ, ಹೊಲದಲ್ಲಿ ಹರಿಯುವ ಮಳೆನೀರನ್ನು ಅತ್ತ ತಿರುಗಿಸಿ, ಒಂದು ಹನಿಯನ್ನೂ ಆಚೆ ಬಿಡಬೇಡಿ ಅಂತ. ನಿಮ್ಮಲ್ಲಿ ಕೆಲವರು ಗುಂಡಿಯ ಫೋಟೋ ಕಳಿಸಿದ್ದಿರಿ. ಹಿಗ್ಗಿದ್ದೆ. ಆ ಲೇಖನ ಓದಿ ಮೊದಲು ಗುಂಡಿ ತೋಡಿದವನು ಅಕ್ಕನ ಗಂಡ, ನಮ್ಮ ಚೌಡಪ್ಪ ಭಾವ.

ಎರಡನೇ ತುದಿಯನ್ನು ನಾನು ಎಲ್ಲೂ ಬರೆದಿಲ್ಲ. ಭಾವ ಹಸುಗಳಿಗಾಗಿ ಮುಸುಕಿನ ಜೋಳ ಹಾಕುತ್ತಾನೆ. ಕಳೆ ಕೀಳಲು ಬರುತ್ತಿದ್ದ ಹೆಂಗಸರು ಈಗ ಬೆಳಗಾದರೆ ಫ್ಯಾಕ್ಟರಿ ಬಸ್ಸು ಹತ್ತುತ್ತಾರೆ. (ಹತ್ತಬೇಡಿ ಅನ್ನಲು ನಾವು ಯಾರು?) ಅಕ್ಕ ಒಬ್ಬಳೇ ಕುಕ್ಕರುಗಾಲಲ್ಲಿ ಕೂತು ಸಾಲು ಸಾಲು ಕಳೆ ತೆಗೆಯುತ್ತಿದ್ದಳು. ಮಂಡಿ ಊದಿಕೊಂಡಿತ್ತು. ನೋಡಲಾಗಲಿಲ್ಲ. "ಬಿತ್ತಿದ ಮಾರನೇ ದಿನ ಒಂದು ಸಲ ಸ್ಪ್ರೇ ಮಾಡಿದರೆ ಮುಗೀತಕ್ಕ, ಕಳೆ ಹುಟ್ಟೋದೇ ಇಲ್ಲ," ಅಂತ ಹೇಳಿ, ಬಂಗಾರಪೇಟೆಯ ಅಂಗಡಿಯಿಂದ ಅಟ್ರಜಿನ್ ಅನ್ನುವ ಕಳೆ ಔಷಧಿಯ ಪ್ಯಾಕೆಟ್ ತಂದುಕೊಟ್ಟವನು ನಾನು. ಹೋದ ವರ್ಷ ಒಮ್ಮೆ. ಈ ವರ್ಷ ಒಮ್ಮೆ.

ಈ ವರ್ಷ ಸ್ಪ್ರೇ ಮಾಡಿದ ಮೂರನೇ ದಿನ ದೊಡ್ಡ ಮಳೆ ಬಂತು. ಅಕ್ಕ ಫೋನ್ ಮಾಡಿ ಹೇಳಿದ್ದಳು, "ಗುಂಡಿ ಗಟಗಟಾಂತ ಕುಡೀತಾ ಐತೆ ಕಣ್ಲಾ, ಬಂದ್ ನೋಡು."

ಮರಳು ಕೆಸರನ್ನು ತಡೆಯುತ್ತದೆ. ನೀರಿನಲ್ಲಿ ಕರಗಿದ್ದನ್ನು ತಡೆಯುವುದಿಲ್ಲ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಉಪ್ಪುನೀರನ್ನು ಸೋಸಿ ತೋರಿಸಿ ನಾನೇ ಎಷ್ಟು ಸಲ ಇದನ್ನು ಹೇಳಿಲ್ಲ?

ಕೆಲವು ಕಳೆ ಔಷಧಿಗಳು ಮಣ್ಣಿನ ಕಣಕ್ಕೆ ಅಂಟಿಕೊಂಡು ಅಲ್ಲೇ ಕೂರುತ್ತವೆ. ಕೆಲವು ನೀರಿನ ಜೊತೆ ಹೊರಟುಬಿಡುತ್ತವೆ. ನಮ್ಮ ಕೆಂಪು ಮಣ್ಣಿನಲ್ಲಿ ಸಗಣಿ ಗೊಬ್ಬರದ ಅಂಶ ಕಡಿಮೆ, ಹಾಗಾಗಿ ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಕಡಿಮೆ. ಆದರೂ ಮಣ್ಣು ತನ್ನ ಕೆಲಸ ಮಾಡುತ್ತದೆ. ಅದರೊಳಗಿನ ಸೂಕ್ಷ್ಮಜೀವಿಗಳು ತಿಂಗಳುಗಟ್ಟಲೆ ತಿಂದು ವಿಷವನ್ನು ಇಲ್ಲವಾಗಿಸುತ್ತವೆ. ಅದಕ್ಕೆ ಸಮಯ ಬೇಕು. ಆ ಸಮಯವನ್ನೇ ತಪ್ಪಿಸುವ ಒಂದು ದಾರಿಯನ್ನು ನಾವು ತೋಡಿ, ಕಲ್ಲು ತುಂಬಿ, ಪೂಜೆ ಮಾಡಿದ್ದೆವು. ಹೊಲದ ಮೇಲಿನ ಔಷಧಿ ಮಣ್ಣಿನೊಳಗೆ ಇಂಗದೆ ಸೀದಾ ಬಂಡೆಯ ಬಿರುಕಿಗೆ ಇಳಿದಿತ್ತು.

ಬೆಂಗಳೂರಿನ ದೊಡ್ಡ ಲ್ಯಾಬೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಇದ್ದಾಳೆ. ಅವಳಿಗೆ ನೀರು ಕಳಿಸಿದೆ. "ಸಾರ್, ಮಾಮೂಲಿ ಟೆಸ್ಟಿನಲ್ಲಿ ಕಳೆ ಔಷಧಿ ಹುಡುಕೋದೇ ಇಲ್ಲ. ಹುಡುಕದೇ ಇದ್ದದ್ದು ಎಲ್ಲಿ ಸಿಗುತ್ತೆ?" ಅಂದಳು. ವಾರದ ನಂತರ ಫೋನ್ ಬಂತು. "ಇದೆ ಸಾರ್. ಜಾಸ್ತಿನೇ ಇದೆ. ಕುಡಿಯೋದು ಬೇಡ."

ಅಕ್ಕನಿಗೆ ಹೇಳಿದೆ. ಅವಳು ಅಳಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ನಲ್ಲಿಯ ಕಡೆ ನೋಡಿದಳು.

ಭಾವ ಅಂದ, "ಮೋಟ್ರು ಕೆಟ್ಟೋಗೈತೆ ಅನ್ನು ಸಾಕು. ನೀರು ನಿಲ್ಸು. ಊರಿಗೆಲ್ಲಾ ಯಾಕೆ ಸಾರ್ಬೇಕು?"

"ಮೋಟ್ರು ರಿಪೇರಿ ಆಯ್ತಾ ಅಂತ ಬೆಳಗಾದ್ರೆ ಬಿಂದ್ಗೆ ಇಡ್ಕೊಂಡು ಬತ್ತಾರೆ. ಎಷ್ಟು ದಿನ ಸುಳ್ಳೇಳ್ಲಿ?" ಅಂದಳು ಅಕ್ಕ. "ಕುಡಿದಿರೋದು ಅವರ ಒಟ್ಟೆ. ಅವರಿಗೆ ಗೊತ್ತಾಗ್ಬೇಕು."

ನಲ್ಲಿಗೆ ತಂತಿ ಸುತ್ತಿ ಬಿಗಿದು, ಅವಳೇ ಮನೆ ಮನೆಗೆ ಹೊರಟಳು. ನಾನು ಹಿಂದೆ ಹೋದೆ. ಎಲ್ಲರೂ ಬೈಯುತ್ತಾರೆ ಅಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ಅದಕ್ಕಿಂತ ಕಷ್ಟದ್ದೊಂದು ಊರಾಚೆಯ ದಲಿತರ ಕಾಲೋನಿಯಲ್ಲಿ ಕಾದಿತ್ತು.

ಮುನಿಯಮ್ಮ ಅಂತ. ಹಿಂದೆ ಅಕ್ಕನ ಹೊಲದಲ್ಲಿ ಕಳೆ ಕೀಳುತ್ತಿದ್ದವಳು. ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ತಗ್ಗಿದ ದನಿಯಲ್ಲಿ ಹೇಳಿದಳು, "ನಾವು ನಿಮ್ ನಲ್ಲಿ ಮುಟ್ಟೋದು ಇಷ್ಟ ಇಲ್ದಿದ್ರೆ ಅಂಗೇ ಹೇಳ್ಬೋದಿತ್ತಮ್ಮ. ಔಷ್ದಿ ಕತೆ ಯಾಕೆ?"

ಅಕ್ಕನ ಮುಖ ನಾನು ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಯಾವ ಮಾತಿಗೆ ಆ ಅನುಮಾನ ಹೋಗುತ್ತದೆ ಹೇಳಿ? ಎಷ್ಟು ಬಾಗಿಲುಗಳಲ್ಲಿ ಎಷ್ಟು ನೆಪ ಕೇಳಿ ಬಂದಿದೆಯೋ ಆ ಜೀವ. ಅಕ್ಕ ವಾದ ಮಾಡಲಿಲ್ಲ. "ಬಾರೇ ನನ್ ಜತೆ," ಅಂತ ಮುನಿಯಮ್ಮನ ಕೈ ಹಿಡಿದು ಹಿತ್ತಲಿಗೆ ಕರೆತಂದು, ಒಣಗಿದ ಸೊಪ್ಪಿನ ಮಡಿಯ ಮುಂದೆ ನಿಲ್ಲಿಸಿದಳು.

ಮುನಿಯಮ್ಮ ಕೂತಳು. ಒಂದು ಸಸಿ ಕಿತ್ತು, ಎಲೆ ತಿರುಗಿಸಿ ತಿರುಗಿಸಿ ನೋಡಿದಳು. ಗಿಡ ಗೊತ್ತಿರುವ ಕೈ. ನಂಬಿದಳು ಅನ್ನುವುದು ನನಗೆ ತಿಳಿಯಿತು, ಯಾಕೆಂದರೆ ಆ ಸಸಿಯನ್ನು ಅವಳು ದೂರ ಎಸೆದಳು.

"ನನ್ ಮಗಳು ಎರಿಗೆಗೆ ಬಂದವ್ಳೆ," ಅಂದಳು. "ಏಳು ತಿಂಗ್ಳು. ಬಂದಾಗಿಂದ ಇದೇ ನೀರು." ಆಮೇಲೆ ನನ್ನ ಕಡೆ ತಿರುಗಿ, ಗಾಬರಿಯಲ್ಲಿ ಮನೆಮಾತು ತೆಲುಗಿಗೆ ಹೊರಳಿ ಕೇಳಿದಳು, "ಬಿಡ್ಡಕಿ ಏಮನ್ನಾ ಅವುತುಂದಾ ಸಾರೂ?"

ಮಗುವಿಗೆ ಏನಾದರೂ ಆಗುತ್ತದಾ?

ಮೂವತ್ತು ವರ್ಷ ಪ್ರಶ್ನೆ ಕೇಳಿದವನು ನಾನು. "ಗೊತ್ತಿಲ್ಲಮ್ಮ" ಅಂದೆ. ಅದು ಸುಳ್ಳಲ್ಲ. ಇವತ್ತು ಕುಡಿದರೆ ನಾಳೆ ಬೀಳಿಸುವ ವಿಷ ಅಲ್ಲ ಅದು. ಸ್ವಲ್ಪ ಸ್ವಲ್ಪವಾಗಿ ಏನು ಮಾಡುತ್ತದೆ, ಯಾರಿಗೆ ಮಾಡುತ್ತದೆ ಅನ್ನುವುದನ್ನು ಒಂದು ಮನೆಯ ಬಾಗಿಲಲ್ಲಿ ನಿಂತು ಯಾರೂ ಹೇಳಲಾರರು.

"ಯಾರು ತಂದಿದ್ದು ಆ ಔಷ್ದಿ?" ಮುನಿಯಮ್ಮ ಕೇಳಿದಳು.

"ನಾನೇ ಔಷ್ದಿ ಒಡೆಸಿದ್ದು," ಅಂದಳು ಅಕ್ಕ. ನನ್ನ ಕಡೆ ನೋಡಲೇ ಇಲ್ಲ.

ಬಾಯಿ ತೆರೆಯಬೇಕಾದ ಹೊತ್ತಿನಲ್ಲಿ ನಾನು ಸುಮ್ಮನಿದ್ದೆ. ಈ ವಾರದ ಅಂಕಣ ಬರೆಯುತ್ತಿರುವುದು ಅದಕ್ಕೇ. ತಂದವನು ನಾನು. ಗುಂಡಿ ತೋಡಿಸಿದವನೂ ನಾನು. ಇದನ್ನು ಅಚ್ಚಾಗುವ ಮೊದಲು ಮುನಿಯಮ್ಮನಿಗೆ ಓದಿ ಹೇಳಿದ್ದೇನೆ. ಅವಳು ಕೇಳಿಸಿಕೊಂಡು "ಸರಿ ಬುಡಿ ಸಾರ್" ಅಂದಳು. ಅಷ್ಟೇ. ಅದು ಕ್ಷಮೆಯೋ ಅಲ್ಲವೋ ನನಗೆ ಅರ್ಥವಾಗಲಿಲ್ಲ.

ಹೋದ ತಿಂಗಳು ಬಂಗಾರಪೇಟೆಯಲ್ಲಿ ಹೆರಿಗೆ ಆಯಿತು. ಹೆಣ್ಣುಮಗು. ತೂಕ ಸ್ವಲ್ಪ ಕಡಿಮೆ. ತೂಕ ಕಡಿಮೆಯಾಗಲು ನೂರು ಕಾರಣ ಇರುತ್ತವೆ ಅಂದರು ಡಾಕ್ಟರ್. ಆ ನೂರರಲ್ಲಿ ಇದೂ ಒಂದಾ ಅಂತ ನಾನು ಕೇಳಲಿಲ್ಲ. ಮಗು ಚೆನ್ನಾಗಿ ಹಾಲು ಕುಡಿಯುತ್ತದೆ. ಅದು ಸೀನಿದರೂ ಮುನಿಯಮ್ಮ ಎದ್ದು ನೋಡುತ್ತಾಳಂತೆ.

ಅಕ್ಕನೂ ಈಗ ಊರಿನ ಫಿಲ್ಟರ್ ಘಟಕದಲ್ಲಿ ಕ್ಯಾನ್ ಹಿಡಿದು ಸಾಲಿನಲ್ಲಿ ನಿಲ್ಲುತ್ತಾಳೆ. ಹಸುಗಳಿಗೂ ಬೇರೆ ನೀರು ಹೊರುತ್ತಾಳೆ. ಮಂಡಿ ನೋವು ಅದೇ ಇದೆ. ನನಗೆ ಮೊದಲಿನಂತೆಯೇ ಕಾಫಿ ಕೊಡುತ್ತಾಳೆ. ಹೊರಡುವಾಗ ಕ್ಯಾನ್ ತಂದಿದ್ದೀಯಾ ಅಂತ ಕೇಳುವುದಿಲ್ಲ.

ಗುಂಡಿ ತೋಡಿದ ಓದುಗರಲ್ಲಿ ಒಂದು ಬೇಡಿಕೆ. ಚಾವಣಿಯ ನೀರು ಇಳಿಸಿ, ತೊಂದರೆಯಿಲ್ಲ. ಔಷಧಿ ಬಿದ್ದ ಹೊಲದ ನೀರನ್ನು ದಯವಿಟ್ಟು ಇಳಿಸಬೇಡಿ. ಸ್ಪ್ರೇಯರ್ ತೊಳೆಯುವುದನ್ನು ಬೋರ್‌ವೆಲ್‌ನಿಂದ ದೂರ ಮಾಡಿ. ನಾನು ಅರ್ಧ ಹೇಳಿದ್ದೆ. ಇನ್ನರ್ಧ ಇದು. ತಡವಾಯಿತು.

ಹೋದ ಭಾನುವಾರ ನಾನೂ ಭಾವನೂ ಆ ಗುಂಡಿಯ ಮರಳು, ಅದರಡಿಯ ಕೆಸರು ಎಲ್ಲ ಎತ್ತಿ ಹಾಕಿದೆವು. ಬೆವರು ಹರಿಯಿತು. ಒಂದು ಟ್ರಾಕ್ಟರ್ ಲೋಡ್ ಆಯಿತು. ಭಾವ ಸೀಟಿನ ಮೇಲೆ ಕೂತು, ಇಂಜಿನ್ ಸ್ಟಾರ್ಟ್ ಮಾಡಿ, ಹೊರಡದೆ ನನ್ನ ಮುಖ ನೋಡಿದ.

"ಮೇಷ್ಟ್ರೇ, ಇದನ್ನ ಎಲ್ಲಿ ಸುರೀಲಿ? ಮಳೆ ಬೀಳ್ದಿರೋ ಜಾಗ ಎಲ್ಲೈತೆ?"